ಮಕ್ಕಳು ಪ್ರಶ್ನೆ ಕೇಳುವ ರಾತ್ರಿ: ಮನೆಯಲ್ಲಿ ಪೆಸಾಖ್ ಹಬ್ಬ ಮಾಡುವ ಸಮಗ್ರ ಮಾರ್ಗದರ್ಶಿ

ಮೊದಲ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಮೇಜಿಗೆ ಬಿಳಿ ಬಟ್ಟೆ, ಬೆಳ್ಳಿ ಲೋಟ, ಹೂವು, ಎಲ್ಲವೂ ಸರಿಯಾಗಿತ್ತು. ಓದು ಶುರುವಾಗಿ ಮುಕ್ಕಾಲು ಗಂಟೆ ಕಳೆದರೂ ಊಟದ ಸುಳಿವಿಲ್ಲ. ಮಗ ಮೆಲ್ಲಗೆ ಮೇಜಿನ ಕೆಳಗೆ ಇಳಿದು ಅಲ್ಲೇ ನಿದ್ದೆ ಹೋಗಿದ್ದ. ಯಾರ ಸಲುವಾಗಿ ಇಷ್ಟೆಲ್ಲ ಏರ್ಪಾಡು ನಡೆದಿತ್ತೋ ಅವನೇ ಇರಲಿಲ್ಲ.

ಇದು ಯೆಹೂದಿಗಳ ಪೆಸಾಖ್ ಹಬ್ಬದ ಮಾತು. ಕನ್ನಡ ಬೈಬಲ್ ಓದಿದವರಿಗೆ ಇದು ಪಸ್ಕ ಹಬ್ಬ ಅಂತ ಗೊತ್ತಿರುತ್ತದೆ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರು ಮೋಶೆಯ ಹಿಂದೆ ಹೊರಟು ಬಿಡುಗಡೆ ಪಡೆದ ನೆನಪಿನ ಹಬ್ಬ. ಇಸ್ರೇಲಿನಲ್ಲಿ ಏಳು ದಿನ, ಹೊರಗಿನ ದೇಶಗಳ ಹೆಚ್ಚಿನ ಮನೆಗಳಲ್ಲಿ ಎಂಟು ದಿನ. ಮದುವೆಯಾಗಿ ನ್ಯೂಜೆರ್ಸಿಯ ಈ ಯೆಹೂದಿ ಮನೆಗೆ ಬಂದು ನನಗೆ 12 ವರ್ಷವಾಯಿತು. ಮಗನಿಗೆ ಈಗ ಒಂಬತ್ತು, ಮಗಳಿಗೆ ಐದು. ನಮ್ಮಂಥ ಮನೆಗಳಿಗೆ, ಇಸ್ರೇಲಿನಲ್ಲಿ ಹಿರಿಯರ ಆರೈಕೆ ಕೆಲಸದಲ್ಲಿರುವ ನಮ್ಮ ಕರಾವಳಿಯವರಿಗೆ, ಸ್ನೇಹಿತರ ಮನೆಯ ಸೇಡರಿಗೆ ಮಕ್ಕಳೊಂದಿಗೆ ಹೋಗುವವರಿಗೆ ಇದು ನೆರವಾಗಲಿ ಅಂತ ಬರೆಯುತ್ತಿದ್ದೇನೆ.

ಸೇಡರ್ ಅಂದರೆ ಕ್ರಮ. ಹಬ್ಬದ ಮೊದಲ ರಾತ್ರಿ (ಇಸ್ರೇಲಿನ ಹೊರಗೆ ಎರಡನೇ ರಾತ್ರಿಯೂ) ಹಗ್ಗಾದಾ ಎಂಬ ಪುಸ್ತಕ ಹಿಡಿದು, 15 ಹಂತಗಳಲ್ಲಿ ಕಥೆ ಹೇಳಿ, ಹಾಡಿ, ಉಣ್ಣುವ ಕೂಟ. ಹಬ್ಬ ಶುರುವಾಗುವುದು ಯೆಹೂದಿ ಪಂಚಾಂಗದ ನಿಸಾನ್ ತಿಂಗಳ 15ಕ್ಕೆ. 2027ರಲ್ಲಿ ಏಪ್ರಿಲ್ 21ರ ಸಂಜೆ.

ಮೊದಲು ಒಂದು ಮಾತು ತಿಳಿದಿರಲಿ

ಸೇಡರ್ ದೊಡ್ಡವರ ಪೂಜೆ, ಅದರ ನಡುವೆ ಮಕ್ಕಳನ್ನು ಹೇಗೋ ಸುಮ್ಮನೆ ಕೂರಿಸಬೇಕು ಅಂತ ನಾನು ಅಂದುಕೊಂಡಿದ್ದೆ. ಅದು ತಲೆಕೆಳಗಾದ ಯೋಚನೆ. "ಆ ದಿನ ನಿನ್ನ ಮಗುವಿಗೆ ತಿಳಿಸಬೇಕು" ಅಂತ ಬೈಬಲ್ಲಿನ ವಿಮೋಚನಕಾಂಡದಲ್ಲೇ ಇದೆ. ಇಡೀ ರಾತ್ರಿ ಕಟ್ಟಿರುವುದೇ ಮಗು ಬಾಯಿಬಿಟ್ಟು "ಇದ್ಯಾಕೆ ಹೀಗೆ?" ಅಂತ ಕೇಳಲಿ ಎಂದು.

ಸುಮಾರು 1900 ವರ್ಷಗಳ ಹಿಂದೆ ಇದ್ದ ರಬ್ಬಿ (ಯೆಹೂದಿ ಗುರು) ಅಕಿವಾ, ಪೆಸಾಖ್ ಸಂಜೆ ಮಕ್ಕಳಿಗೆ ಹುರಿದ ಕಾಳು, ಬೀಜಗಳನ್ನು ಹಂಚುತ್ತಿದ್ದರಂತೆ. ಅವರು ನಿದ್ದೆ ಮಾಡದೆ ಪ್ರಶ್ನೆ ಕೇಳಲಿ ಅಂತ. ಯೆಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮೂದಿನಲ್ಲಿ ಇನ್ನೊಂದು ಪ್ರಸಂಗವಿದೆ. ಅಬಾಯೆ ಎಂಬಾತ ತನ್ನ ಗುರು ರಬ್ಬಾ ಎದುರು ಕೂತಿದ್ದ. ಊಟಕ್ಕೆ ಮುಂಚೆಯೇ ಮೇಜು ಎತ್ತಿಕೊಂಡು ಹೋದರು. "ನಾವಿನ್ನೂ ಉಂಡೇ ಇಲ್ಲ, ಆಗಲೇ ಎತ್ತುತ್ತಿದ್ದೀರಲ್ಲ!" ಅಂದ ಅಬಾಯೆ. ನೀನು ಕೇಳಿಬಿಟ್ಟೆ, ಇನ್ನು ಆ ರಾತ್ರಿಯ ನಿಗದಿತ ಪ್ರಶ್ನೆಗಳನ್ನು ಬಾಯಿಪಾಠ ಒಪ್ಪಿಸುವ ಅಗತ್ಯವೇ ಇಲ್ಲ ಅಂದರಂತೆ ರಬ್ಬಾ.

ಮುಂದೆ ಹೇಳುವ ಎಲ್ಲದರ ಹಿಂದೆ ಇರುವುದು ಇದೊಂದೇ. ವಿಚಿತ್ರ ಅನ್ನಿಸುವಂಥದ್ದೇನಾದರೂ ಮಾಡಿ. ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ವಿವರಿಸಲು ಅವಸರ ಪಡಬೇಡಿ.

ಹಂತ 1: ಎರಡು ಮೂರು ವಾರ ಮುಂಚೆ

ಕಥೆಯನ್ನು ಮಲಗುವ ಹೊತ್ತಿಗೆ ತುಂಡು ತುಂಡಾಗಿ ಹೇಳಿ. ಎಲ್ಲವನ್ನೂ ಆ ಒಂದೇ ರಾತ್ರಿಗೆ ಉಳಿಸಿದರೆ ಮಗುವಿಗೆ ದಕ್ಕುವುದಿಲ್ಲ. ಚಿಕ್ಕವರಿಗೆ ಈಜಿಪ್ಟಿನ ರಾಜ ಫರೋಹನಿಂದ ಶುರು ಮಾಡಬೇಡಿ, ಮಿರ್ಯಾಮಳಿಂದ ಮಾಡಿ. ತಮ್ಮ ಮೋಶೆಯನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಜೊಂಡಿನ ನಡುವೆ ಬಿಟ್ಟಾಗ, ದೂರ ನಿಂತು ಕಾಯುತ್ತಿದ್ದ ಅಕ್ಕ ಅವಳು. ರಾಜನ ಮಾತು ಮೀರಿ ಗಂಡುಕೂಸುಗಳನ್ನು ಉಳಿಸಿದ ಶಿಫ್ರಾ, ಪೂಅ ಎಂಬ ಸೂಲಗಿತ್ತಿಯರ ಕಥೆಯೂ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ರಾಜ ಇಸ್ರಾಯೇಲ್ಯರನ್ನು ಬಿಡದಿದ್ದಾಗ ಈಜಿಪ್ಟಿನ ಮೇಲೆ ಬಂದ ಹತ್ತು ಪಿಡುಗುಗಳಲ್ಲಿ ಕೊನೆಯದು, ಅಂದರೆ ಚೊಚ್ಚಲ ಮಕ್ಕಳ ಸಾವು, ಆರು ವರ್ಷದೊಳಗಿನವರಿಗೆ ಭಾರವಾಗುತ್ತದೆ. ನಾನು "ಕೊನೆಗೆ ಈಜಿಪ್ಟಿನ ಮನೆಮನೆಯಲ್ಲೂ ದೊಡ್ಡ ದುಃಖವಾಯಿತು, ಆಗ ರಾಜ ಹೋಗಿ ಅಂದ" ಅಂತಷ್ಟೇ ಹೇಳುತ್ತೇನೆ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಮಗ ಚೊಚ್ಚಲು, ಅವನು ಏಳನೇ ವಯಸ್ಸಿನಲ್ಲಿ ಕೇಳಿದ. ಅವತ್ತು ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು.

ಈ ವಾರಗಳಲ್ಲೇ ಒಂದು ಭಾನುವಾರ "18 ನಿಮಿಷ"ದ ಆಟ ಆಡಿ. ಮಾತ್ಸಾ ಅಂದರೆ ಹುಳಿ ಬರದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದ ಮೇಲೆ 18 ನಿಮಿಷದೊಳಗೆ ಅದು ಬೆಂದಿರಬೇಕು. ನಮ್ಮ ಮನೆಗಳಲ್ಲಿ ಚಪಾತಿ ಹಿಟ್ಟು ಕಲಸಿ ಅರ್ಧ ಗಂಟೆ ನೆನೆಯಲು ಬಿಡುತ್ತೇವಲ್ಲ, ಇಲ್ಲಿ ಅದೇ ಕೂಡದು. ಫೋನಿನಲ್ಲಿ 18 ನಿಮಿಷ ಇಟ್ಟು ಒಬ್ಬರು ಕಲಸಿ, ಒಬ್ಬರು ಲಟ್ಟಿಸಿ, ಒಬ್ಬರು ಫೋರ್ಕಿನಿಂದ ಚುಚ್ಚಿ, ನೀವು ಕಾವಲಿಯಲ್ಲಿ ಸುಡಿ. ಓಡಿಹೋಗುವವರಿಗೆ ಹಿಟ್ಟು ಉಬ್ಬಲು ಕಾಯುವಷ್ಟೂ ಪುರುಸೊತ್ತಿರಲಿಲ್ಲ ಎಂಬುದು ಮಕ್ಕಳ ಕೈಗೇ ಗೊತ್ತಾಗುತ್ತದೆ. ಆದರೆ ಈ ರೊಟ್ಟಿ ಆಟಕ್ಕೆ ಮಾತ್ರ. ಅಡುಗೆಮನೆ ತೊಳೆಯುವ ಮುನ್ನವೇ ಮಾಡಿ ಮುಗಿಸಿ. ಹಬ್ಬಕ್ಕೆ ಅಂಗಡಿಯ ಕೋಷರ್ (ಯೆಹೂದಿ ಆಹಾರ ನಿಯಮಕ್ಕೆ ಒಪ್ಪುವ) ಮಾತ್ಸಾನೇ ಬೇಕು.

ಹಂತ 2: ಹಮೇತ್ಸ್ ಹುಡುಕಾಟ

ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್: ಈ ಐದು ಧಾನ್ಯ ನೀರು ಸೇರಿ ಹುಳಿ ಬಂದರೆ ಅದು ಹಮೇತ್ಸ್. ಹಬ್ಬದ ದಿನಗಳಲ್ಲಿ ಅದು ತಿನ್ನುವುದಿರಲಿ, ಮನೆಯಲ್ಲೂ ಇರಬಾರದು. ಹಾಗಾಗಿ ಮನೆ ಮೂಲೆಮೂಲೆ ಗುಡಿಸಿ ತೊಳೆಯುವ ಕೆಲಸವಿದೆ. ದೀಪಾವಳಿಗೆ ಮನೆ ತೊಳೆದ ಅಭ್ಯಾಸ ನನಗೆ ಇಲ್ಲಿ ನೆರವಾಯಿತು. ಮಕ್ಕಳಿಗೆ ಅವರದೇ ಜಾಗ ಕೊಡಿ: ಶಾಲೆ ಬ್ಯಾಗು, ಆಟಿಕೆ ಡಬ್ಬಿ, ಜಾಕೆಟ್ ಜೇಬು, ಕಾರಿನಲ್ಲಿ ಅವರು ಕೂರುವ ಸೀಟು. ಬಿಸ್ಕತ್ತಿನ ಪುಡಿ ಎಲ್ಲೆಲ್ಲಿ ಉದುರಿದೆ ಅಂತ ಅವರಿಗೇ ಚೆನ್ನಾಗಿ ಗೊತ್ತು.

ನಿಜವಾದ ಸಂಭ್ರಮ ಸೇಡರಿನ ಹಿಂದಿನ ರಾತ್ರಿ. ಬ್ರೆಡ್ಡಿನ ಹತ್ತು ಚಿಕ್ಕ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಮನೆಯಲ್ಲೆಲ್ಲ ಬಚ್ಚಿಡಿ. ಎಲ್ಲಿಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಇದು ಮುಖ್ಯ. ಒಂದು ವರ್ಷ ನಾನು ಬರೆಯದೆ, ಹತ್ತನೆಯದಕ್ಕಾಗಿ ರಾತ್ರಿ ಹನ್ನೊಂದರವರೆಗೂ ಹುಡುಕಬೇಕಾಯಿತು. ದೀಪ ಆರಿಸಿ. ಮೇಣದಬತ್ತಿ ದೊಡ್ಡವರ ಕೈಯಲ್ಲಿರಲಿ, ಚಿಕ್ಕವರಿಗೆ ಟಾರ್ಚ್ ಸಾಕು. ಒಂದು ಮಗುವಿಗೆ ಹಕ್ಕಿಯ ಗರಿ, ಇನ್ನೊಂದಕ್ಕೆ ಮರದ ಚಮಚ. ಗರಿಯಿಂದ ಗುಡಿಸಿ ಚಮಚಕ್ಕೆ ತುಂಬಬೇಕು.

ಹೋದ ವರ್ಷ ಮಗಳು ಸೋಫಾ ಪಕ್ಕ ಹೊಟ್ಟೆ ಮೇಲೆ ಮಲಗಿ ಕೈ ಒಳಗೆ ಚಾಚಿದ್ದಳು. ಬಿಳಿ ಗರಿಯ ತುದಿ ಮಾತ್ರ ಟಾರ್ಚ್ ಬೆಳಕಿನಲ್ಲಿ ಅಲ್ಲಾಡುತ್ತಿತ್ತು. ಮೆಲ್ಲಗೆ, ಮೆಲ್ಲಗೆ ಏನನ್ನೋ ಎಳೆದಳು. ಧೂಳಿನ ಉಂಡೆಗೆ ಅಂಟಿಕೊಂಡ ಅರ್ಧ ಕ್ರ್ಯಾಕರ್. ನಾವು ಬಚ್ಚಿಟ್ಟದ್ದಲ್ಲ. "ಅಮ್ಮಾ, ಇದು ಹನ್ನೊಂದನೇದು!" ಅಂತ ಕೂಗಿದ ಅವಳ ದನಿಯಲ್ಲಿದ್ದ ಹೆಮ್ಮೆ ನನಗಿನ್ನೂ ಕಿವಿಯಲ್ಲಿದೆ. ಅವಳ ಪಾಲಿಗೆ ಅದು ಆಟವಾಗಿರಲಿಲ್ಲ. ಮನೆಗೆ ಬೇಕಾದ ಕೆಲಸವೊಂದನ್ನು ಅವಳು ನಿಜವಾಗಿ ಮಾಡಿದ್ದಳು.

ಸಿಕ್ಕಿದ್ದನ್ನೆಲ್ಲ ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಸುಡುತ್ತಾರೆ. ಮಕ್ಕಳನ್ನು ದೂರ ನಿಲ್ಲಿಸಿ, ಬಕೆಟ್ ನೀರು ಪಕ್ಕದಲ್ಲಿರಲಿ.

ಹಂತ 3: ಅಡುಗೆಮನೆಯಲ್ಲಿ ಪುಟ್ಟ ಕೈಗಳು

ಮಕ್ಕಳಿಗೆ ಒಪ್ಪಿಸಲು ಹೇಳಿ ಮಾಡಿಸಿದ ತಿನಿಸು ಹರೋಸೆತ್. ಗುಲಾಮರು ಇಟ್ಟಿಗೆಗೆ ಕಲಸುತ್ತಿದ್ದ ಗಾರೆಯ ನೆನಪು ಅದು. ನಮ್ಮತ್ತೆಯ ಅಳತೆ ಇದು: ಮೂರು ಸೇಬು ಸಣ್ಣಗೆ ಹೆಚ್ಚಿ, ಒಂದು ಕಪ್ ವಾಲ್‌ನಟ್ ಕುಟ್ಟಿ, ಒಂದು ಚಮಚ ಚಕ್ಕೆಪುಡಿ, ಸ್ವಲ್ಪ ಜೇನು, ಕಲಸಲು ಎಷ್ಟು ಬೇಕೋ ಅಷ್ಟು ದ್ರಾಕ್ಷಿ ರಸ. ಮಗುವಿಗೆ ಕುಟ್ಟಾಣಿ ಕೊಟ್ಟುಬಿಡಿ. ಚಿಕ್ಕ ಮಕ್ಕಳಿರುವ ಕಡೆ ಬೀಜಗಳನ್ನು ಪೂರ್ತಿ ಪುಡಿ ಮಾಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಾರದು. ಬರುವ ಮಕ್ಕಳಲ್ಲಿ ಯಾರಿಗಾದರೂ ಬೀಜದ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇದ್ದರೆ ಬೀಜ ಬಿಟ್ಟೇ ಮಾಡಿ, ರುಚಿ ಕೆಡುವುದಿಲ್ಲ. ಇರಾಕಿನ ಯೆಹೂದಿಗಳು ಖರ್ಜೂರದ ಪಾಕದಲ್ಲಿ ಮಾಡುತ್ತಾರೆ. ಕೊಂಕಣದ ಬೆನೆ ಇಸ್ರಾಯೇಲ್ ಎಂಬ ಯೆಹೂದಿಗಳ ಮನೆಗಳಲ್ಲೂ, ಕೊಚ್ಚಿಯ ಯೆಹೂದಿಗಳಲ್ಲೂ ಖರ್ಜೂರದ ಪಾಕವೇ. ನಾವು ಎರಡೂ ಬಗೆ ಮಾಡಿಟ್ಟು, ಯಾವುದು ಗಾರೆಯ ಹಾಗೆ ಜಾಸ್ತಿ ಅಂಟುತ್ತದೆ ಅಂತ ಮಕ್ಕಳಿಂದ ನೋಡಿಸುತ್ತೇವೆ.

ಸೇಡರ್ ತಟ್ಟೆಯನ್ನೂ ಅವರೇ ಜೋಡಿಸಲಿ. ಸುಟ್ಟ ಮೊಟ್ಟೆ, ಕಹಿಸೊಪ್ಪು ಅಥವಾ ತುರಿದ ಹಾರ್ಸ್‌ರ್ಯಾಡಿಶ್, ಪಾರ್ಸ್ಲಿಯಂಥ ಹಸಿರು, ಹರೋಸೆತ್, ಮತ್ತೆ ಸುಟ್ಟ ಮೂಳೆ. ಮಾಂಸ ತಿನ್ನದ ಮನೆಯವರು ಮೂಳೆಯ ಜಾಗದಲ್ಲಿ ಸುಟ್ಟ ಬೀಟ್‌ರೂಟ್ ಇಡುತ್ತಾರೆ. ಬೀಟ್‌ರೂಟಿನ ಮಾತು ತಾಲ್ಮೂದಿನಲ್ಲೇ ಬರುತ್ತದೆ. ಹಾಗಾಗಿ ಸಂಕೋಚ ಬೇಡ.

ಕನ್ನಡದ ಮನೆಗಳಿಗೆ ಬೇರೆಯಾಗಿ ಹೇಳಬೇಕಾದ್ದು ಸ್ವಲ್ಪ ಇದೆ. ಅಂಗಡಿಯ ಇಂಗಿನ ಡಬ್ಬಿ ನೋಡಿ, ಹೆಚ್ಚಿನದರಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಅದು ಹೊರಗೆ ಹೋಗಬೇಕು. ರವೆ, ಶ್ಯಾವಿಗೆ ಕೂಡ. ಅಕ್ಕಿ, ಬೇಳೆ, ಜೋಳ, ಸಾಸಿವೆ ಇವೆಲ್ಲ ಕಿತ್ನಿಯೋತ್ ಎಂಬ ಗುಂಪು. ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಇವನ್ನೂ ಬಿಡುವುದು ರೂಢಿ. ಸ್ಪೇನ್ ಮೂಲದ ಸೆಫರ್ದಿಗಳಲ್ಲಿ ಬಹಳ ಮಂದಿ, ಬೆನೆ ಇಸ್ರಾಯೇಲರು ಅನ್ನ ಉಣ್ಣುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಎಂಬ ಯೆಹೂದಿ ಪಂಥದವರು 2015ರಲ್ಲಿ ಎಲ್ಲರಿಗೂ ಕಿತ್ನಿಯೋತ್ ಆಗಬಹುದು ಅಂತ ಹೇಳಿದರು. ನಿಮ್ಮ ಮನೆಯ ಪದ್ಧತಿ ಯಾವುದು ಅಂತ ಅತ್ತೆ ಮಾವನನ್ನು ಕೇಳಿ. ಅತಿಥಿಗಳಾಗಿ ಹೋಗುವವರು ಕೇಳದೆ ಏನನ್ನೂ ಮಾಡಿಕೊಂಡು ಹೋಗಬೇಡಿ, ತೊಳೆದ ಹಣ್ಣು ಅಥವಾ ಹೂವು ಒಯ್ಯಿರಿ.

ನಮ್ಮದು ಅಶ್ಕೆನಾಜಿ ಮನೆ. ಆ ಎಂಟು ದಿನ ಸಾಸಿವೆ ಒಗ್ಗರಣೆ ಇಲ್ಲ. ಎಣ್ಣೆ, ಹಸಿಮೆಣಸು, ಶುಂಠಿ, ತೆಂಗಿನತುರಿ ಹಾಕಿ ಆಲೂಗಡ್ಡೆ ಪಲ್ಯ ಮಾಡಿ ಮಾತ್ಸಾ ಮೇಲೆ ಹರಡಿ ಕೊಟ್ಟರೆ ಮಕ್ಕಳ ಶಾಲೆ ಡಬ್ಬಿ ಖಾಲಿಯಾಗಿ ಬರುತ್ತದೆ.

ಹಂತ 4: ಹೊಟ್ಟೆ ಮತ್ತು ನಿದ್ದೆ

ಸೇಡರ್ ಕೆಡುವುದು ಬಹುಪಾಲು ಹಸಿವೆಯಿಂದ. ಏಪ್ರಿಲ್‌ನಲ್ಲಿ ಇಲ್ಲಿ ಪೂರ್ತಿ ಕತ್ತಲಾಗುವ ಹೊತ್ತಿಗೆ ಎಂಟು ದಾಟುತ್ತದೆ. ಕ್ರಮ ಪಾಲಿಸುವ ಮನೆಗಳು ಆಮೇಲೆಯೇ ಶುರು ಮಾಡುತ್ತವೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ. ದೊಡ್ಡ ಮಗು ಒಪ್ಪದಿದ್ದರೆ ಪುಸ್ತಕ ಹಿಡಿದು ಮಂಚದ ಮೇಲೆ ಸುಮ್ನೆ ಒರಗಲಿ. ಸಂಜೆ ಆರಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಹಣ್ಣು ಹೊಟ್ಟೆ ತುಂಬ ಕೊಡಿ. ಮಾತ್ಸಾ ಮಾತ್ರ ರಾತ್ರಿಗೇ ಮೀಸಲು.

ಇನ್ನೊಂದು ದಾರಿಯೂ ಇದೆ. ಸೇಡರಿನ ಮೂರನೇ ಹಂತ ಕರ್ಪಸ್. ಹಸಿರನ್ನು ಉಪ್ಪುನೀರಿನಲ್ಲಿ ಅದ್ದಿ ತಿನ್ನುವುದು. ಕಟ್ಟುನಿಟ್ಟಿನ ಮನೆಗಳಲ್ಲಿ ಒಂದು ಚೂರು ಮಾತ್ರ ತಿನ್ನುತ್ತಾರೆ. ಸ್ವಲ್ಪ ಸಡಿಲವಿರುವ ಮನೆಗಳಲ್ಲಿ ಆಗಲೇ ಕ್ಯಾರೆಟ್, ಸೌತೆಕಾಯಿ, ಆಲೂಗಡ್ಡೆಯ ದೊಡ್ಡ ತಟ್ಟೆಯನ್ನೇ ಮೇಜಿಗೆ ಇಡುತ್ತಾರೆ. ಕಥೆ ಎಷ್ಟೇ ಉದ್ದವಾದರೂ ಮಕ್ಕಳು ಅದನ್ನು ಮೆಲ್ಲುತ್ತ ಕೂತಿರುತ್ತಾರೆ.

ಕೂರುವ ಜಾಗವನ್ನೂ ಬದಲಿಸಿ ನೋಡಿ. ಈ ರಾತ್ರಿ ಸ್ವತಂತ್ರರ ಹಾಗೆ ಎಡಕ್ಕೆ ಒರಗಿ ಕೂರಬೇಕು ಎಂಬುದು ನಿಯಮ. ನಾವು ಕಥೆಯ ಭಾಗವನ್ನು ಹಾಲ್‌ನಲ್ಲಿ ಜಮಖಾನ, ದಿಂಬು ಹಾಕಿ ನೆಲದ ಮೇಲೆ ಮಾಡುತ್ತೇವೆ. ಮೇಲೆ ಬೆಡ್‌ಶೀಟಿನ ಡೇರೆ. ಊಟಕ್ಕೆ ಮಾತ್ರ ಮೇಜು.

ಹಂತ 5: ಸೇಡರ್ ರಾತ್ರಿ

ಕೈ ತೊಳೆಸುವ ಕೆಲಸ ಮಕ್ಕಳಿಗೆ ಕೊಡಿ. ಒಬ್ಬರು ತಂಬಿಗೆ, ಒಬ್ಬರು ಟವೆಲ್. ನಾಲ್ಕು ಲೋಟ ವೈನಿನ ಬದಲು ಅವರಿಗೆ ದ್ರಾಕ್ಷಿ ರಸ, ಪುಟ್ಟ ಲೋಟದಲ್ಲಿ.

ಈಗ ಉಪ್ಪುನೀರಿನ ಸಂಗತಿ ಹೇಳಲೇಬೇಕು. ಎರಡು ವರ್ಷದ ಹಿಂದೆ ನನ್ನಮ್ಮ ಸಾಗರದಿಂದ ಬಂದಿದ್ದರು. ಪಾರ್ಸ್ಲಿ ಕಡ್ಡಿ ಅದ್ದಿ ಮಗಳ ಕೈಗೆ ಕೊಟ್ಟೆ. ಅಮ್ಮನಿಗೆ ತಡೆಯಲಾಗಲಿಲ್ಲ. "ಇದೇನೇ, ಹಬ್ಬದ ದಿನ ಮಕ್ಕಳ ಬಾಯಿಗೆ ಉಪ್ಪುನೀರು ಹಾಕ್ತೀಯಾ?" ಅಂದರು. ನಾನು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಮಗ "ಅಜ್ಜಿ, ಅದು ಕಣ್ಣೀರು. ಅವರು ಅಳ್ತಾ ಇದ್ರಲ್ಲ" ಅಂದ. ಅಮ್ಮ ಒಂದು ಕಡ್ಡಿ ಎತ್ತಿಕೊಂಡು, ಅದ್ದಿ, ಬಾಯಿಗಿಟ್ಟುಕೊಂಡು ಸುಮ್ಮನಾದರು. ನಮ್ಮ ಮಾವನಿಗೆ ಮಾತು ಅರ್ಥವಾಗಿರಲಿಲ್ಲ. ನಾನು ಹೇಳಿದಾಗ "ಇವತ್ತಿನ ಮೊದಲ ಪ್ರಶ್ನೆ ನಿಮ್ಮಮ್ಮನದು" ಅಂತ ಎದ್ದು ನಿಂತು ಅವರಿಗೆ ಕೈಮುಗಿದರು. ಆ ವರ್ಷದಿಂದ ಉಪ್ಪುನೀರಿನ ಬಟ್ಟಲು ಹಿಡಿಯುವ ಕೆಲಸ ಮಗನದೇ.

ಮುಂದೆ ಮೂರು ಮಾತ್ಸಾಗಳಲ್ಲಿ ನಡುವಿನದನ್ನು ಮುರಿಯುತ್ತಾರೆ. ಆಗ ಎಲ್ಲರೂ ಮೌನವಾಗಿರಿ, ಚಟ್ ಅನ್ನುವ ಸದ್ದು ಮಕ್ಕಳಿಗೆ ಕೇಳಿಸಲಿ. ದೊಡ್ಡ ಚೂರು ಅಫಿಕೋಮನ್. ಅದನ್ನು ದೊಡ್ಡವರು ಬಚ್ಚಿಟ್ಟು ಮಕ್ಕಳು ಹುಡುಕುವುದು ಒಂದು ಪದ್ಧತಿ. ಮಕ್ಕಳೇ ಕದ್ದು ಅಡಗಿಸಿಟ್ಟು, ಉಡುಗೊರೆಗೆ ಚೌಕಾಸಿ ಮಾಡುವುದು ಇನ್ನೊಂದು. ಊಟದ ಕೊನೆಗೆ ಅದನ್ನು ತಿನ್ನದೆ ಸೇಡರ್ ಮುಂದೆ ಹೋಗುವಂತಿಲ್ಲ. ಹಾಗಾಗಿ ಆ ಗಳಿಗೆಯಲ್ಲಿ ಮಕ್ಕಳ ಕೈಯೇ ಮೇಲು. ನನಗೆ ಕದಿಯುವ ಪದ್ಧತಿ ಇಷ್ಟ. ಹಲವು ಮಕ್ಕಳಿದ್ದರೆ ಒಬ್ಬರೇ ಗೆದ್ದು ಉಳಿದವರು ಅಳುವ ಹಾಗೆ ಆಗಬಾರದು. ಎಲ್ಲರೂ ಸೇರಿ ಕದಿಯಲಿ, ಎಲ್ಲರಿಗೂ ಒಂದೊಂದು ಪುಸ್ತಕ ಸಿಗಲಿ.

ಆಮೇಲೆ ನಾಲ್ಕು ಪ್ರಶ್ನೆಗಳು, "ಮಾ ನಿಶ್ತಾನಾ". ಎಲ್ಲರಿಗಿಂತ ಚಿಕ್ಕ ಮಗು ಹಾಡಬೇಕು. ಈ ರಾತ್ರಿ ಉಳಿದೆಲ್ಲ ರಾತ್ರಿಗಳಿಗಿಂತ ಯಾಕೆ ಬೇರೆ? ಯಾಕೆ ಬರೀ ಮಾತ್ಸಾ? ಯಾಕೆ ಕಹಿ? ಯಾಕೆ ಎರಡು ಸಲ ಅದ್ದುತ್ತೇವೆ? ಯಾಕೆ ಒರಗಿ ಕೂರುತ್ತೇವೆ? ವಾರಕ್ಕೆ ಒಂದು ಸಾಲಿನಂತೆ ತಿಂಗಳ ಮುಂಚೆಯಿಂದ ಕಲಿಸಿದರೆ ಹೀಬ್ರೂವಿನಲ್ಲೇ ಬರುತ್ತದೆ. ನಮ್ಮ ಮನೆಯಲ್ಲಿ ಹೀಬ್ರೂ, ಇಂಗ್ಲಿಷ್ ಆದ ಮೇಲೆ ಕನ್ನಡದಲ್ಲೂ ಹೇಳುತ್ತೇವೆ. ಮಗು ನಾಚಿಕೊಂಡರೆ ಒತ್ತಾಯ ಬೇಡ, ನೀವು ಜೊತೆಗೆ ಹಾಡಿ. ಈ ನಾಲ್ಕರ ಆಚೆ ಅವರದೇ ಪ್ರಶ್ನೆ ಕೇಳಿದ ಪ್ರತಿ ಮಗುವಿಗೂ ಒಂದು ಹಿಡಿ ಬಾದಾಮಿ, ಒಣದ್ರಾಕ್ಷಿ ಕೊಡಿ. ರಬ್ಬಿ ಅಕಿವಾ ಹಂಚಿದ ಕಾಳು, ಬೀಜ ಅಂತ ಹೇಳಿ. ತೀರಾ ಚಿಕ್ಕವರಿಗೆ ಬಾಳೆಹಣ್ಣಿನ ತುಂಡು.

ಕಥೆಯನ್ನು ಓದುವುದಕ್ಕಿಂತ ಆಡಿ ತೋರಿಸುವುದು ಮೇಲು. ಇರಾಕಿ ಮನೆಗಳ ಪದ್ಧತಿ ತುಂಬಾ ಸೊಗಸಾಗಿದೆ. ಮಗು ಬಟ್ಟೆಯಲ್ಲಿ ಕಟ್ಟಿದ ಮಾತ್ಸಾ ಗಂಟನ್ನು ಹೆಗಲಿಗೇರಿಸಿಕೊಂಡು ಬರುತ್ತದೆ. "ಎಲ್ಲಿಂದ ಬಂದೆ?" "ಈಜಿಪ್ಟಿನಿಂದ." "ಎಲ್ಲಿಗೆ ಹೊರಟೆ?" "ಜೆರುಸಲೇಮಿಗೆ." ನಾವು "ದಾರಿಗೆ ಏನು ಕಟ್ಟಿಕೊಂಡೆ?" ಅಂತ ಒಂದು ಪ್ರಶ್ನೆ ಸೇರಿಸಿಕೊಂಡಿದ್ದೇವೆ. ಪ್ರತಿ ವರ್ಷ ಬೇರೆ ಉತ್ತರ ಬರುತ್ತದೆ.

ಹತ್ತು ಪಿಡುಗುಗಳ ಹೆಸರು ಹೇಳುವಾಗ ಬೆರಳಿನಿಂದ ಒಂದೊಂದು ಹನಿ ವೈನ್ ತೆಗೆದು ತಟ್ಟೆಗೆ ಹಾಕುತ್ತಾರೆ. ನೆತ್ತರು, ಕಪ್ಪೆ, ಹೇನು, ಕಾಡುಪ್ರಾಣಿ, ದನಗಳ ರೋಗ, ಬೊಕ್ಕೆ, ಆಲಿಕಲ್ಲು, ಮಿಡತೆ, ಕತ್ತಲು, ಚೊಚ್ಚಲರ ಸಾವು. ಶತ್ರುಗಳಾದರೂ ಅವರು ನೊಂದಾಗ ನಮ್ಮ ಸಂತೋಷದ ಲೋಟ ಅಷ್ಟು ಕಡಿಮೆಯಾಗಬೇಕು ಅಂತ ಇದಕ್ಕೆ ಅರ್ಥ ಹೇಳುತ್ತಾರೆ. ಪ್ಲಾಸ್ಟಿಕ್ ಕಪ್ಪೆ, ಮಿಡತೆಗಳ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತವೆ. ಕಪ್ಪೆ ಹಾರಿಸಿ ಆಡಲಿ, ಆದರೆ ಒಂಬತ್ತನೆಯದು ಬರುವಾಗ ದೀಪ ಆರಿಸಿ, ಆಟಿಕೆ ಎತ್ತಿಡಿ. ಹತ್ತನೆಯದು ಆಟಿಕೆಯಾಗಬಾರದು. ಕತ್ತಲಲ್ಲಿ ಮಕ್ಕಳು ತಾವಾಗಿಯೇ ಮೆಲುದನಿಯಾಗುತ್ತಾರೆ.

ಮುಂದೆ ದಯ್ಯೇನು ಹಾಡು. "ಅಷ್ಟೇ ಆಗಿದ್ದರೂ ನಮಗೆ ಸಾಕಿತ್ತು" ಎಂಬ ಪಲ್ಲವಿ. ಇರಾನ್, ಅಫ್ಘಾನಿಸ್ತಾನದ ಯೆಹೂದಿಗಳು ಈ ಹಾಡಿಗೆ ಈರುಳ್ಳಿ ಸೊಪ್ಪಿನಿಂದ ಒಬ್ಬರಿಗೊಬ್ಬರು ಮೆಲ್ಲಗೆ ಬಾರಿಸುತ್ತಾರೆ, ಗುಲಾಮರ ಮೇಲೆ ಬೀಳುತ್ತಿದ್ದ ಚಾಟಿಯ ನೆನಪಿಗೆ. ನಮ್ಮ ಮಕ್ಕಳು ಇಡೀ ವರ್ಷ ಕಾಯುವುದು ಇದಕ್ಕೇ. ತಾತನಿಗೆ ಬಾರಿಸಲು ಸಿಗುವುದು ಇದೊಂದೇ ದಿನ ಅಲ್ವಾ! ಕಣ್ಣಿಗೆ ತಾಗದ ಹಾಗೆ, ಭುಜದಿಂದ ಕೆಳಗೆ ಮಾತ್ರ ಅಂತ ಮೊದಲೇ ಹೇಳಿಡಿ.

ಕಹಿಸೊಪ್ಪನ್ನು ಮಕ್ಕಳಿಗೆ ಬಲವಂತ ಮಾಡಬೇಡಿ. ಹಾರ್ಸ್‌ರ್ಯಾಡಿಶ್ ಮೂಗಿಗೆ ಏರುತ್ತದೆ. ರೊಮೇನ್ ಸೊಪ್ಪಿನ ದಂಟು ಹರೋಸೆತ್‌ನಲ್ಲಿ ಅದ್ದಿ ಕೊಟ್ಟರೆ ಸಾಕು.

ಊಟ, ಅಫಿಕೋಮನ್ ಮುಗಿದ ಮೇಲೆ ಪ್ರವಾದಿ ಎಲೀಯನಿಗಾಗಿ ಬಾಗಿಲು ತೆರೆಯುತ್ತಾರೆ. ಅವನಿಗೆಂದೇ ಒಂದು ಲೋಟ ತುಂಬಿಟ್ಟಿರುತ್ತದೆ. ಬಾಗಿಲು ತೆರೆಯಲು ಮಕ್ಕಳೇ ಹೋಗಲಿ. ತಣ್ಣನೆ ಗಾಳಿ ಒಳಗೆ ಬಂದಾಗ ಅವರ ಮುಖ ನೋಡಿ. ಯಾರಾದರೂ ಆ ಸಂದಿನಲ್ಲಿ ಮೇಜು ಅಲ್ಲಾಡಿಸಿ ಲೋಟದ ವೈನ್ ಕದಲಿಸುವುದುಂಟು. ನಾನು ಅದನ್ನು ಮಾಡುವುದಿಲ್ಲ. ಬರಿದಾದ ಬಾಗಿಲೇ ಮಗುವಿಗೆ ಸಾಕು.

ಕೊನೆಯ ಹಾಡುಗಳ ಹೊತ್ತಿಗೆ ಎಚ್ಚರವಿದ್ದವರಿಗೆ ಬಹುಮಾನ "ಹದ್ ಗದ್ಯಾ". ಅಪ್ಪ ಎರಡು ನಾಣ್ಯಕ್ಕೆ ಕೊಂಡ ಆಡಿನಮರಿ, ಅದನ್ನು ತಿಂದ ಬೆಕ್ಕು, ಬೆಕ್ಕನ್ನು ಕಚ್ಚಿದ ನಾಯಿ, ನಾಯಿಗೆ ಬಡಿದ ಕೋಲು, ಹೀಗೆ ಬೆಳೆಯುವ ಸರಪಳಿ ಹಾಡು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಒಂದೊಂದು ಸದ್ದು ಹಂಚಿ. ನಿದ್ದೆ ಹೋದವರನ್ನು ಎಬ್ಬಿಸಬೇಡಿ. ಎರಡನೇ ರಾತ್ರಿ ಇದೆಯಲ್ಲ, ಅವತ್ತು ಹಾಡುಗಳಿಂದಲೇ ಶುರು ಮಾಡಿ.

ಹಂತ 6: ಉಳಿದ ದಿನಗಳು

ಎರಡನೇ ರಾತ್ರಿಯಿಂದ ಓಮೆರ್ ಎಂಬ ದಿನಗಳ ಎಣಿಕೆ, ಮುಂದಿನ ಯೆಹೂದಿ ಹಬ್ಬವಾದ ಶಾವುಓತ್‌ವರೆಗೆ 49 ದಿನ. ಗೋಡೆಗೆ 49 ಮನೆಗಳ ಚಾರ್ಟ್ ಅಂಟಿಸಿ ದಿನಕ್ಕೊಂದು ಬಣ್ಣ ಹಾಕಿಸಿ. ಹಬ್ಬದ ದಿನಗಳಲ್ಲಿ ಬರೆಯದ ಮನೆಗಳು ಬಣ್ಣದ ಬದಲು ಬಾಯಲ್ಲೇ ಎಣಿಸಿ, ಆಮೇಲೆ ತುಂಬಿಸಿಕೊಳ್ಳಬಹುದು. ಏಳನೇ ದಿನ, ಓಡಿಹೋಗುತ್ತಿದ್ದ ಇಸ್ರಾಯೇಲ್ಯರಿಗೆ ದಾರಿ ಬಿಟ್ಟು ಸಮುದ್ರ ಇಬ್ಭಾಗವಾದ ದಿನ. ಹಾಲ್‌ನಲ್ಲಿ ಎರಡು ನೀಲಿ ಬೆಡ್‌ಶೀಟ್ ಹಿಡಿದು ನಡುವೆ ಮಕ್ಕಳನ್ನು ದಾಟಿಸಿ. ಚಿಕ್ಕವರಿಗೆ ಎಷ್ಟು ಸಲ ದಾಟಿದರೂ ಸಾಲದು.

ಹಬ್ಬ ಮುಗಿದ ರಾತ್ರಿ ಮೊರಾಕ್ಕೋ ಮೂಲದವರು ಮಿಮೂನಾ ಆಚರಿಸುತ್ತಾರೆ. ಮುಫ್ಲೆತಾ ಎಂಬ ತೆಳು ರೊಟ್ಟಿಗೆ ಬೆಣ್ಣೆ, ಜೇನು ಸವರಿ ನೆರೆಹೊರೆಯವರಿಗೆಲ್ಲ ಕೊಡುತ್ತಾರೆ. ನಮ್ಮ ಮನೆಯಲ್ಲಿ ಅದರ ಜಾಗದಲ್ಲಿ ಚಪಾತಿ. ಕತ್ತಲಾಗಿ, ಹಬ್ಬ ಮುಗಿಯಿತು ಅಂತ ಮಾವ ಹೇಳಿದ ಮೇಲೆ ಹಿಟ್ಟಿನ ಡಬ್ಬಿ ಕೆಳಗೆ ಇಳಿಯುತ್ತದೆ. ಈ ಸಲ ಗಡಿಯಾರ ಇಡುವುದಿಲ್ಲ. ಕಲಸಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಮಕ್ಕಳಿಬ್ಬರೂ ಅದರ ಪಕ್ಕ ಕೂತು, ಅದು ನೆನೆಯುವವರೆಗೂ ಕಾಯುತ್ತಾರೆ.